ಸಮಪಾಲು

ಧರ್ಮಸಂಕಟವೆಂದರೆ ರಾಜರಿಗೂ ಋಷಿಗಳಿಗೂ ಒದಗುವ ದೊಡ್ಡ ಸಂಗತಿಯೆಂದು ನಾನು ಬಹುಕಾಲ ನಂಬಿದ್ದೆ. ಸಂಸಾರಸ್ಥನಾದ ಮೇಲೆ ಆ ನಂಬಿಕೆ ಹೋಯಿತು. ಮಕ್ಕಳಿಗೆ ಮಾವಿನ ಹಣ್ಣು ಹೆಚ್ಚುವಾಗ ಗೊರಟು ಯಾರಿಗೆ ಎಂಬಲ್ಲಿಂದಲೇ ಅದು ಆರಂಭವಾಗುತ್ತದೆ. ಈ ಸಲ ನನಗೆ ಅದು ಒದಗಿದ್ದು ಬೇಸಿಗೆ ರಜೆಯ ಒಂದು ಸಂಜೆ, ಖರ್ಚಿನ ಅಂದಾಜು ಬರೆದ ಒಂದು ಚೀಟಿಯ ಮೇಲೆ.

ನಮ್ಮದು ಬೇಮಳಖೇಡ. ನಾನು ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು. ಜೊತೆಗೆ ಮೂರೆಕರೆ ಹೊಲವುಂಟು. ಮುಂಗಾರಿಗೆ ಹೆಸರು, ಉದ್ದು, ಅದರೊಡನೆ ತೊಗರಿ. ಮಕ್ಕಳು ಮೂವರು. ಹಿರಿಯವಳಿಗೆ 16, ನಡುವಿನವನಿಗೆ 11, ಕಿರಿಯವಳಿಗೆ 4. ಹಿರಿಯವಳು ಹತ್ತನೆಯ ತರಗತಿ ಪಾಸಾದಳು. ಆ ಸಂತೋಷದಲ್ಲಿ, ತೊಗರಿ ಮಾರಿದ ದುಡ್ಡಿನಲ್ಲಿ 8 ಸಾವಿರ ತೆಗೆದಿರಿಸಿ, ಎಲ್ಲರನ್ನೂ ಹೈದರಾಬಾದಿನ ವಂಡರ್‌ಲಾಕ್ಕೆ ಕರೆದೊಯ್ಯುವುದಾಗಿ ನಾನು ಮಾತು ಕೊಟ್ಟುಬಿಟ್ಟೆ. ಮಾತು ಕೊಡುವಾಗ ಲೆಕ್ಕ ಹಾಕಿರಲಿಲ್ಲ. ಲೆಕ್ಕದವನ ಮನೆಯಲ್ಲೇ ಹೀಗಾಗುವುದು.

ಹೈದರಾಬಾದು ನಮಗೆ ಪರದೇಶವೇನಲ್ಲ. ಮನ್ನಾಎಖ್ಖೆಳ್ಳಿಗೆ ಹೋಗಿ ನಿಂತರೆ 65ನೆಯ ರಾಷ್ಟ್ರೀಯ ಹೆದ್ದಾರಿ; ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿದರೆ ಊರೇ ಬಂತು. ಪಟಾನ್‌ಚೆರುವಿನಲ್ಲಿ ನನ್ನ ಹೆಂಡತಿಯ ತಂಗಿಯ ಮನೆಯಿದೆ. ಆದುದರಿಂದ ವಸತಿಯ ಖರ್ಚು ಇಲ್ಲ. ಪಾರ್ಕು ಇರುವುದು ಮಾತ್ರ ಊರಿನ ಇನ್ನೊಂದು ಮಗ್ಗುಲಲ್ಲಿ, ಹೊರವರ್ತುಲ ರಸ್ತೆಯ ಪಕ್ಕ ರಾವಿರ್ಯಾಲದಲ್ಲಿ. 2016ರಲ್ಲಿ ಅದು ಬಾಗಿಲು ತೆರೆದಂದಿನಿಂದ ನಮ್ಮ ಕಡೆಯ ಮಕ್ಕಳ ಬಾಯಲ್ಲಿ ಅದರ ಹೆಸರು ಕುಣಿಯುತ್ತಿದೆ.

ಬಸ್ಸಿನ ಲೆಕ್ಕ ಬರೆಯುವಾಗಲೇ ಒಂದು ವಿನೋದ ಗೋಚರಿಸಿತು. 2023ರ ಜೂನ್ 11ರಿಂದ ನಮ್ಮ ರಾಜ್ಯದೊಳಗೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಅದೇ ವರ್ಷದ ಡಿಸೆಂಬರ್ 9ರಿಂದ ತೆಲಂಗಾಣದಲ್ಲೂ ಹಾಗೆಯೇ. ಆದರೆ ಅದು ಅಲ್ಲಿನ ನಿವಾಸಿಗಳಿಗೆ ಮಾತ್ರ. ಹೀಗಾಗಿ ಗಡಿಯ ಈಚೆ ನಮ್ಮ ಮನೆಯಲ್ಲಿ ದುಬಾರಿಯಾದವರು ನಾನೂ ನನ್ನ ಮಗನೂ. ಗಡಿ ದಾಟಿದೊಡನೆ ಹೆಂಡತಿಗೂ ಮಗಳಿಗೂ ಬೆಲೆ ಬಂದುಬಿಡುತ್ತದೆ. ಜಹೀರಾಬಾದಿನ ಈಚೆಯೇ ಎಲ್ಲಾದರೂ ತಿರುಗಿ ಬಂದರಾಯಿತಲ್ಲ ಎಂದು ಹೆಂಡತಿ ಸೂಚಿಸಿದಳು. ಬೀದರದ ಕೋಟೆ, ಬಸವಕಲ್ಯಾಣ ಎಲ್ಲವನ್ನೂ ಶಾಲೆಯ ಪ್ರವಾಸದಲ್ಲಿ ನೋಡಿದ್ದ ಮಗ ಮುಖ ಊದಿಸಿಕೊಂಡ. ಆ ಸೂಚನೆ ಅಲ್ಲಿಗೇ ಬಿತ್ತು.

ಪಾರ್ಕಿನ ಪ್ರವೇಶದ ಕ್ರಮ ಇನ್ನೂ ವಿಚಿತ್ರ. ಅಲ್ಲಿ ಮಕ್ಕಳ ವಯಸ್ಸನ್ನು ಕೇಳುವುದಿಲ್ಲ, ಎತ್ತರವನ್ನು ಅಳೆಯುತ್ತಾರೆ. 85 ಸೆಂಟಿಮೀಟರಿನ ಒಳಗಿದ್ದರೆ ಹಣವಿಲ್ಲ. ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್ಟು. ಅದರ ಮೇಲೆ ಪೂರ್ಣ ಟಿಕೆಟ್ಟು. ಒಳಗಿನ ದೊಡ್ಡ ಯಂತ್ರಗಳನ್ನು ಹತ್ತುವುದಕ್ಕೂ ಎತ್ತರದ ಕಟ್ಟಳೆಯುಂಟು. ಹಲವಕ್ಕೆ ಅದೇ 140ರ ಗೆರೆ. ಈ ಗೆರೆಯಲ್ಲಿ ಅರ್ಥವಿದೆ. ತಲೆಕೆಳಗಾಗಿ ತಿರುಗುವ ಕುರ್ಚಿಯ ಪಟ್ಟಿಯೂ ಅಡ್ಡಗಂಬಿಯೂ ಒಂದು ಅಳತೆಯ ದೇಹವನ್ನು ಹಿಡಿದಿಡಲೆಂದು ಮಾಡಿದವು. ಅದಕ್ಕಿಂತ ಚಿಕ್ಕ ದೇಹ ಅದರಡಿಯಿಂದ ಜಾರೀತು.

ನನ್ನ ಮಗನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದೆ: 139. ನನಗೆ ಸಂತೋಷವಾಯಿತು, ಅವನಿಗೆ ದುಃಖವಾಯಿತು. ಟಿಕೆಟ್ಟಿನ ಕಿಟಕಿಯಲ್ಲಿ ಅವನು ಗಿಡ್ಡನಾಗಿರಬೇಕೆಂದು ನನ್ನಾಸೆ. ಯಂತ್ರದ ಬಾಗಿಲಲ್ಲಿ ಎತ್ತರವಾಗಿರಬೇಕೆಂದು ಅವನಾಸೆ. ಮರುದಿನ ಅವನ ಬೂಟಿನೊಳಗೆ ನಾಲ್ಕಾಗಿ ಮಡಚಿದ ರಟ್ಟು ಸಿಕ್ಕಿತು. "ಅಲ್ಲೋ, ಹೊರಗ ಗಿಡ್ಡ, ಒಳಗ ಎತ್ತರ, ಹಂಗ ಎಲ್ಯಾರ ಇರ್ತದೇನೋ?" ಎಂದು ಗದರಿಸಿದೆ. ಗದರಿಸಿದವನ ಮನಸ್ಸಿನಲ್ಲೂ ರಟ್ಟು ಇರಲಿಲ್ಲವೆನ್ನಲಾರೆ. ಒಂದು ಕಟ್ಟಳೆಯ ಲಾಭ ನಮ್ಮ ಕಡೆಗೆ, ಅದರ ನಷ್ಟ ಇನ್ನಾರ ಕಡೆಗೋ ಹೋಗಲಿ ಎಂಬ ಆಸೆ ದೊಡ್ಡವರಿಂದಲೇ ಮಕ್ಕಳಿಗೆ ಬರುವುದು.

ನನ್ನ ತಾಯಿಯನ್ನು ಕೇಳಿದೆ. "ನಂಗ್ಯಾಕೋ ಆ ತಿರುಗೂ ಕುರ್ಚಿ" ಎಂದು ಮಗ್ಗುಲಾಗಿ ಮಲಗಿದಳು. ಎರಡು ನಿಮಿಷದಲ್ಲಿ ನಿದ್ದೆ ಬಂತು. ಉಳಿದವರು ಐವರು. ಮೂರು ಪೂರ್ಣ ಟಿಕೆಟ್ಟು, ಎರಡು ಮಕ್ಕಳ ಟಿಕೆಟ್ಟು, ಬಸ್ಸು, ನೀರಿನಲ್ಲಿ ಇಳಿಯುವುದಕ್ಕೆ ಬೇಕೇಬೇಕಾದ ನೈಲಾನ್ ಬಟ್ಟೆ, ಹೊರಗಿನ ಬುತ್ತಿ ಒಳಗೆ ಬಿಡದ ಕಾರಣ ಒಂದು ಹೊತ್ತಿನ ಊಟ. ರಜೆಯ ದಿನ ಬಿಟ್ಟು ವಾರದ ನಡುವಿನ ದಿನ ಆರಿಸಿದರೆ ಟಿಕೆಟ್ಟು ಸ್ವಲ್ಪ ಅಗ್ಗ, ಅದನ್ನೂ ಹಿಡಿದೆ. ರೊಟ್ಟಿ ಕಟ್ಟಿಕೊಂಡು ಹೋಗಿ ಬಾಗಿಲ ಹೊರಗೇ ಮುಂಜಾನೆಯ ಊಟ ಮುಗಿಸುವುದೆಂದು ಬರೆದೆ. ಇಷ್ಟೆಲ್ಲ ಜಾಣತನ ಮಾಡಿದರೂ ಕೊನೆಗೆ ಮೊತ್ತ ಕೂಡಿಸಿದಾಗ 8 ಸಾವಿರ ಸಾಲಲಿಲ್ಲ. ಕಡಿಮೆ ಬಿದ್ದದ್ದು ಹೆಚ್ಚುಕಡಿಮೆ ಒಬ್ಬರ ಖರ್ಚು.

ಆ ಮೊತ್ತವನ್ನು ನಾನು ಹೆಂಡತಿಗೆ ಓದಿ ಹೇಳುತ್ತಿದ್ದಾಗ ಹಿರಿಯ ಮಗಳು ಪಾತ್ರೆ ಒರೆಸುತ್ತಿದ್ದಳು. "ನಾ ಬರಂಗಿಲ್ಲಪ್ಪ, ನೀವ್ ಹೋಗಿ ಬರ್ರಿ" ಎಂದಳು. ಯಾಕೆಂದು ನಾನು ಕೇಳುವ ಮೊದಲೇ ಕಾರಣಗಳೂ ಬಂದವು. ಆಯಿ ಒಬ್ಬಾಕೀನೇ ಆಗುತ್ತಾಳೆ. ಕಾಲೇಜಿನ ಅರ್ಜಿಯ ಕಾಗದ ಕೂಡಿಸುವುದಿದೆ. "ಮತ್ತ ನಂಗ ತಲಿ ತಿರುಗ್ತದ."

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಮಾತು ಕಿವಿಗೆ ಬಿದ್ದೊಡನೆ ನನಗೆ ಹಗುರವಾಯಿತು. ಲೆಕ್ಕ ಸರಿಹೋಯಿತು. ಮಗಳು ಎಷ್ಟು ತಿಳಿವಳಿಕೆಯವಳು ಎಂದು ಹೆಮ್ಮೆಯೂ ಆಯಿತು, ಹೆಂಡತಿಯೊಡನೆ ಹೇಳಿಕೊಂಡೂಬಿಟ್ಟೆ. ಆಕೆ ಉತ್ತರ ಕೊಡಲಿಲ್ಲ.

ರಾತ್ರಿ ಮಲಗಿದ ಮೇಲೆ "ತಲಿ ತಿರುಗ್ತದ" ಎಂಬ ಮಾತು ನಿದ್ದೆ ಕೊಡಲಿಲ್ಲ. ಆ ಮಾತನ್ನು ನಾನು ಹಿಂದೆ ಎಲ್ಲಿಯೋ ಕೇಳಿದ್ದೆ. ಕೇಳಿದ್ದು ಹುಮನಾಬಾದಿನಲ್ಲಿ, ವೀರಭದ್ರೇಶ್ವರನ ಜಾತ್ರೆಯಲ್ಲಿ. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಜನವರಿಯ ಚಳಿ. ಜಾತ್ರೆಗೆ ಬಾಗಿಲಿಲ್ಲ, ಟಿಕೆಟ್ಟಿಲ್ಲ. ಯಾರು ಬೇಕಾದರೂ ಹೋಗಿ ನಿಲ್ಲಬಹುದು. ಏನು ಹತ್ತುತ್ತೀರೋ ಅದಕ್ಕೆ ಮಾತ್ರ ಕಾಸು. ನಮ್ಮಪ್ಪ ನನಗೂ ಅಕ್ಕನಿಗೂ ತಲೆಗೆ ಎರಡು ರೂಪಾಯಿ ಸಮನಾಗಿ ಕೊಟ್ಟ. ನನ್ನದು ದೊಡ್ಡ ತೊಟ್ಟಿಲು ಒಮ್ಮೆ ತಿರುಗುವಷ್ಟರಲ್ಲಿ ಮುಗಿಯಿತು. ಇಳಿದು ಅಳುಮೋರೆ ಹಾಕಿ ನಿಂತೆ. ಅಕ್ಕ ತನ್ನ ಎರಡು ರೂಪಾಯಿಯನ್ನು ನನ್ನ ಕೈಗಿಟ್ಟು, "ನೀ ಹತ್ತೋ, ನಂಗ ತಲಿ ತಿರುಗ್ತದ" ಎಂದಳು. ನಾನು ಎರಡನೆಯ ಸಲ ಹತ್ತಿದೆ. ಮೇಲಿನಿಂದ ನೋಡಿದಾಗ ಅವಳು ಕೆಳಗೆ ಸಣ್ಣದಾಗಿ ಕಾಣುತ್ತಿದ್ದಳು, ಕೈ ಬೀಸುತ್ತಿದ್ದಳು.

ಬೆಳಿಗ್ಗೆ ಭಾಲ್ಕಿಯಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಅದೂ ಇದೂ ಮಾತಾಡಿ, ಜಾತ್ರೆಯ ವಿಷಯ ತೆಗೆದು, ನಿನಗೆ ನಿಜವಾಗಿ ತಲೆ ತಿರುಗುತ್ತಿತ್ತೇನಕ್ಕ ಎಂದು ಕೇಳಿದೆ. ನಕ್ಕಳು. "ತಿರುಗ್ತದೋ ಇಲ್ಲೋ ಹತ್ತಿ ನೋಡಿದ್ರ ತಾನೆ ಗೊತ್ತಾಗೂದು? ನಾ ಹತ್ತೇ ಇಲ್ಲಲ್ಲೋ." ಅಷ್ಟು ಹೇಳಿ ಸೊಸೆಗೆ ಹುಷಾರಿಲ್ಲದ ಸುದ್ದಿಗೆ ಹೋದಳು. ಆಕೆ ದೂರಿರಲಿಲ್ಲ. ನನಗೆ ಮಾತ್ರ ಮುಂದಿನ ಸುದ್ದಿ ಕೇಳಿಸಲಿಲ್ಲ.

ತ್ಯಾಗವನ್ನು ನಮ್ಮ ಜನ ಹಾಡಿ ಹೊಗಳಿದ್ದಾರೆ; ಅದರಲ್ಲಿ ತಪ್ಪೇನಿಲ್ಲ. ಆದರೆ ಮಕ್ಕಳ ತ್ಯಾಗವನ್ನು ತಾಯಿತಂದೆ ಸ್ವೀಕರಿಸಬಹುದೇ ಎಂಬ ಪ್ರಶ್ನೆ ಬೇರೆ. ತ್ಯಾಗ ಮಾಡಬೇಕಾದರೆ ಮೊದಲು ಕೈಯಲ್ಲಿ ಏನಾದರೂ ಇರಬೇಕು. ಅಕ್ಕನ ಕೈಯಲ್ಲಿ ಎರಡು ರೂಪಾಯಿ ಇತ್ತು, ಅದು ತನ್ನದೆಂದು ಅವಳಿಗೆ ಗೊತ್ತಿತ್ತು, ಅದನ್ನು ಕೊಟ್ಟಳು. ನನ್ನ ಮಗಳ ಪಾಲು ಅವಳ ಕೈಗೆ ಬರುವ ಮೊದಲೇ ನನ್ನ ಚೀಟಿಯಲ್ಲಿ ಕೊರತೆಯಾಗಿ ಹೋಗಿತ್ತು. ಅವಳು ಬಿಟ್ಟುಕೊಟ್ಟದ್ದು ಏನನ್ನು? ತಾನು ಹೊರೆಯೆಂದು ಅವಳಿಗೆ ತೋರಿತು. ತಾನೇ ಸರಿದು ನಿಂತಳು. ಅದನ್ನು ತಿಳಿವಳಿಕೆ ಎಂದು ಕರೆದು ನಾನು ಹೆಮ್ಮೆಪಟ್ಟೆ.

ನಿಜವಾಗಿ ಬೇಡವೆನ್ನುವವರಿಗೂ, ಬೇಕಾದದ್ದನ್ನು ಬೇಡವೆನ್ನುವವರಿಗೂ ಇರುವ ಭೇದ ನನಗೆ ಅಂದು ಹೊಳೆಯಿತು. ನನ್ನ ತಾಯಿ ಕಾರಣ ಕೊಡಲಿಲ್ಲ. ಬೇಡವೆಂದಳು, ನಿದ್ದೆ ಹೋದಳು. ಮಗಳು ಮೂರು ಕಾರಣ ಕೊಟ್ಟಳು. ಬೇಡವಾದದ್ದಕ್ಕೆ ಯಾರೂ ಮೂರು ಕಾರಣ ಹುಡುಕುವುದಿಲ್ಲ.

ಮತ್ತೊಂದು ಸಂಗತಿಯೂ ಇದೆ. ಅವಳು ಬಂದಿದ್ದರೂ ಏನಾಗುತ್ತಿತ್ತು? ನಾಲ್ಕು ವರ್ಷದ ಮಗುವಿಗೆ ದೊಡ್ಡ ಯಂತ್ರಗಳಿಲ್ಲ; ಅವಳೊಡನೆ ಯಾರಾದರೂ ಕೆಳಗೆ ಕೂರಬೇಕು. "ಅಕ್ಕ ಇರ್ತಾಳಲ್ಲ" ಎಂದು ನಾವು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಜಾತ್ರೆಯಲ್ಲಾದರೆ ಕೆಳಗೆ ನಿಂತವರಿಗೆ ಖರ್ಚಿಲ್ಲ. ಒಂದೇ ಟಿಕೆಟ್ಟಿನ ಪಾರ್ಕಿನಲ್ಲಿ ಹತ್ತುವವರಿಗೂ ಕೂರುವವರಿಗೂ ಬೆಲೆ ಒಂದೇ. ಪೂರ್ಣ ಟಿಕೆಟ್ಟು ಕೊಂಡು ತಂಗಿಯ ಚಪ್ಪಲಿ ಕಾಯುವ ಭಾಗ್ಯವನ್ನು ನಾವು ಹದಿನಾರರ ಹುಡುಗಿಗೆ ಮೀಸಲಿಟ್ಟಿದ್ದೆವು.

ಈ ಬಗೆಯ ಪಾರ್ಕುಗಳ ಹುಟ್ಟೇ ಒಂದು ಬೆಂಚಿನ ಮೇಲೆ ಆಯಿತೆಂದು ಹೇಳುತ್ತಾರೆ. ಅಮೆರಿಕದ ವಾಲ್ಟ್ ಡಿಸ್ನಿ ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತಿದ್ದನಂತೆ. ಮಕ್ಕಳು ತಿರುಗುವ ಕುದುರೆಯ ಮೇಲೆ. ಅವನು ಬೆಂಚಿನ ಮೇಲೆ, ಕಡಲೆಕಾಯಿ ತಿನ್ನುತ್ತ. ದೊಡ್ಡವರೂ ಮಕ್ಕಳೂ ಕೂಡಿ ಆಡುವಂಥ ಜಾಗ ಒಂದಿರಬಾರದೇ ಎಂದು ಅಲ್ಲಿ ಹೊಳೆದದ್ದು 1955ರಲ್ಲಿ ಡಿಸ್ನಿಲ್ಯಾಂಡ್ ಆಯಿತು. ಬೆಂಚಿನ ಬೇಸರವನ್ನು ಕಳೆಯುವುದಕ್ಕೆ ಅಷ್ಟು ದೊಡ್ಡ ಊರನ್ನೇ ಕಟ್ಟಿದರು. ಆದರೂ ಬೆಂಚು ಹೋಗಲಿಲ್ಲ. ವಯಸ್ಸು ಬೇರೆ ಬೇರೆಯಾದ ಮಕ್ಕಳಿರುವ ತನಕ ಯಾರಾದರೊಬ್ಬರು ಅದರ ಮೇಲೆ ಕೂರಲೇಬೇಕು. ಕೂರುವವರು ಯಾರೆಂಬುದನ್ನು ಯಂತ್ರ ಕಟ್ಟುವವರು ಹೇಳಲಾರರು. ಅದು ಮನೆಯವರೇ ತೀರ್ಮಾನಿಸುವ ವಿಷಯ.

ಹಾಗಾದರೆ ನ್ಯಾಯವೇನು? ಮೂವರಿಗೂ ಒಂದೇ ಮೊತ್ತವೇ? ನಾಲ್ಕರ ಮಗುವಿಗೂ ಹದಿನಾರರ ಹುಡುಗಿಗೂ ಒಂದೇ ಅಳತೆಯ ಅಂಗಿ ಹೊಲಿಸಿದಂತಾದೀತು. ಕ್ರಿಸ್ತನಿಗೂ ಮುನ್ನೂರು ವರ್ಷಕ್ಕಿಂತ ಹಿಂದಿನ ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲ್ ತನ್ನ ನೀತಿಗ್ರಂಥದಲ್ಲಿ ಲೆಸ್ಬೋಸ್ ದ್ವೀಪದ ಕಟ್ಟಡಗಾರರ ಸೀಸದ ಅಳತೆಪಟ್ಟಿಯನ್ನು ನೆನೆಯುತ್ತಾನೆ. ಅದು ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುತ್ತಿತ್ತು. ಎಲ್ಲರಿಗೂ ಒಂದೇ ಎಂದು ಬರೆದಿಟ್ಟ ಕಟ್ಟಳೆ ಎಲ್ಲಿ ಮುಟ್ಟಲಾರದೋ ಅಲ್ಲಿ ವಿವೇಕ ಹಾಗೆ ಬಾಗಬೇಕೆಂದು ಅವನ ಅಭಿಪ್ರಾಯ. ಪಾರ್ಕಿನ ಯಂತ್ರದ ಬಳಿಯ ಅಳತೆಕೋಲು ಬಾಗಕೂಡದು, ಬಾಗಿದರೆ ಪ್ರಾಣಾಪಾಯ. ಮನೆಯ ಅಳತೆಕೋಲು ಬಾಗದಿದ್ದರೆ ಸಂಸಾರವಿಲ್ಲ. ಆದರೆ ಅದು ಯಾವಾಗಲೂ ಒಬ್ಬರ ಮೇಲೆಯೇ ಬಾಗುತ್ತಿದ್ದರೆ ಅದನ್ನು ವಿವೇಕವೆನ್ನಲಾಗದು. ಅದು ಬರೀ ಅಭ್ಯಾಸ.

ಈ ಹಂಚಿಕೆಯ ವಿಚಾರದಲ್ಲಿ ಗ್ರೀಸಿನವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದ. ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಆ ವ್ಯಾಖ್ಯಾನ ಹಿಂದೂಸ್ಥಾನದ ಬಹುಭಾಗದಲ್ಲಿ ಆಸ್ತಿ ಪಾಲಿನ ಕಾನೂನಿಗೆ ಆಧಾರವಾಯಿತು. ಹಿರಿಯ ಮಗನಿಗೆ ಹೆಚ್ಚು ಪಾಲೆಂಬ ಮಾತು ಶಾಸ್ತ್ರದಲ್ಲಿದ್ದರೂ, ಲೋಕ ಅದನ್ನು ಹೇಸುತ್ತದೆ, ಆದುದರಿಂದ ಅದನ್ನು ಆಚರಿಸತಕ್ಕದ್ದಲ್ಲ ಎಂದು ಆತ ತೀರ್ಪಿತ್ತ. ಗಂಡುಮಕ್ಕಳ ಸಾಲಿನಲ್ಲಿ ಹೆಣ್ಣುಮಕ್ಕಳಿಗೆ ಆತ ಸ್ಥಾನ ಕೊಡಲಿಲ್ಲ. ಅದು ದೇಶಕ್ಕೆಲ್ಲ ಕಾನೂನಾದದ್ದು 2005ರಲ್ಲಿ. ಆದರೆ ಆ ಪ್ರಕರಣದ ಒಂದು ಮಾತು ನನ್ನ ಚೀಟಿಗೆ ನೇರವಾಗಿ ಅನ್ವಯಿಸುತ್ತದೆ. ತಂದೆತಾಯಿಯ ತರುವಾಯ ಮಕ್ಕಳು ಸಮನಾಗಿ ಹಂಚಿಕೊಳ್ಳತಕ್ಕದ್ದು ಧನವನ್ನಷ್ಟೇ ಅಲ್ಲ, ಋಣವನ್ನೂ.

ನಾವು ಇದ್ದದ್ದನ್ನು ಹಂಚುವಾಗ ಬಹಳ ನ್ಯಾಯವಂತರು. ಹೋಳಿಗೆಯನ್ನು ಎಣಿಸಿ ಬಡಿಸುತ್ತೇವೆ. ಚಿಕ್ಕವನ ಹೋಳು ದೊಡ್ಡದಾದರೆ ಕೂಗಾಟವಾಗುತ್ತದೆ. ಇಲ್ಲದ್ದನ್ನು ಹಂಚುವ ಸಮಯ ಬಂದಾಗ ಎಣಿಕೆ ನಿಲ್ಲುತ್ತದೆ. ಕೊರತೆಯೆಲ್ಲ ಒಂದು ಕಡೆಗೆ, ಇಳಿಜಾರಿಗೆ ನೀರು ಹರಿದಂತೆ ಹರಿದು, ದೂರದ ಹೆಣ್ಣಿನ ಮಡಿಲಲ್ಲಿ ನಿಲ್ಲುತ್ತದೆ. ಅಕ್ಕನ ಮಡಿಲಲ್ಲಿ ನಿಂತದ್ದು ಹಾಗೆ. ಈಗ ಮಗಳ ಮಡಿಲಲ್ಲಿ.

ಇಷ್ಟೆಲ್ಲ ಯೋಚಿಸಿದ ಮೇಲೆ ಹೆಂಡತಿಗೆ ಹೇಳಿದೆ: ಹುಡುಗಿ ಬರಲೇಬೇಕು. ಆಕೆ ತಕ್ಷಣ, "ಹಂಗಾದ್ರ ನಾ ಉಳೀತೀನ್ರಿ. ಆಯಿಗೂ ಆಸರ ಆಗ್ತದ" ಎಂದಳು. ಕೊರತೆ ಮಗಳ ಮಡಿಲಿನಿಂದ ಎದ್ದು ತಾಯಿಯ ಮಡಿಲಿಗೆ ಹೋಗಿ ಕುಳಿತಿತು! ಆಗಲೇ ನನಗೆ ನಿಜವಾಗಿ ನಾಚಿಕೆಯಾದದ್ದು. ಐದು ಜನರಲ್ಲಿ ಒಬ್ಬರು ಉಳಿಯಬೇಕೆಂದು ಎರಡು ದಿನದಿಂದ ಲೆಕ್ಕ ಹಾಕುತ್ತಿದ್ದೆ; ಆ ಲೆಕ್ಕದಲ್ಲಿ ನನ್ನ ಹೆಸರು ಒಮ್ಮೆಯೂ ಬಂದಿರಲಿಲ್ಲ.

ಅಂದು ರಾತ್ರಿ ಊಟವಾದ ಮೇಲೆ 8 ಸಾವಿರವನ್ನು ತಂದು ಮಂಚದ ಮೇಲಿಟ್ಟೆ. ಚೀಟಿಯನ್ನೂ ಪಕ್ಕದಲ್ಲಿಟ್ಟೆ. ಮಕ್ಕಳೆದುರಿಗೆ ದುಡ್ಡಿನ ಮಾತು ಆಡಬಾರದೆಂಬುದು ನಮ್ಮಪ್ಪನ ಪದ್ಧತಿ. ಮಕ್ಕಳಿಗೆ ಅದು ಹೇಗೂ ಗೊತ್ತಾಗುತ್ತದೆ, ಪೂರ್ತಿಯಾಗಿ ಗೊತ್ತಾಗಲಿ ಎಂದು ಅದನ್ನು ಬಿಟ್ಟೆ. ಇಷ್ಟಿದೆ, ಇಷ್ಟು ಕಡಿಮೆ, ಯಾರೂ ಉಳಿಯುವಂತಿಲ್ಲ, ಇನ್ನು ಹೇಳಿರಿ ಎಂದೆ. ಮಗ ತಾನು ಗಿಡ್ಡನೆಂದೂ, ಚಿಕ್ಕವಳನ್ನು ಚೀಲದಲ್ಲಿ ಹಾಕಿ ಒಯ್ಯಬಹುದೆಂದೂ ಸೂಚಿಸಿದ. ಚಿಕ್ಕವಳು ಚೀಲ ತರಲು ಓಡಿದಳು.

ಮಗಳನ್ನು ಬೇರೆಯಾಗಿ ಕೇಳಿದೆ. "ಮೊದ್ಲ ಹೇಳವ್ವ, ನಿಂಗ ಏನು ಹತ್ತಬೇಕು ಅಂತದ?" ಒಮ್ಮೆ ಕೇಳಿದಾಗ ನಕ್ಕಳು. ಎರಡನೆಯ ಸಲ, ಏನಿಲ್ಲ ಎಂದಳು. ಮೂರನೆಯ ಸಲ ಕೇಳಿದಾಗ ನೆಲ ನೋಡುತ್ತ, ಅತ್ಯಂತ ಎತ್ತರಕ್ಕೆ ಹೋಗಿ ಒಮ್ಮೆಲೇ ಕೆಳಗೆ ಬೀಳುವ ಯಂತ್ರವೊಂದಿದೆಯೆಂದೂ, ಅದರಲ್ಲಿ ಬಲತುದಿಯ ಕುರ್ಚಿಯಲ್ಲಿ ಕೂತರೆ ಊರೆಲ್ಲ ಕಾಣುತ್ತದೆಂದು ಗೆಳತಿ ಹೇಳಿದ್ದಾಳೆಂದೂ ಹೇಳಿದಳು. ಕುರ್ಚಿಯ ತನಕ ಅವಳು ಗೊತ್ತುಮಾಡಿಕೊಂಡಿದ್ದಳು! ತಲೆ ತಿರುಗುವುದಿಲ್ಲವೇ ಎಂದೆ. "ಹತ್ತಿದ ಮ್ಯಾಲ ನೋಡ್ತೀನಿ" ಎಂದಳು.

ದಾರಿ ತೋರಿಸಿದವಳೂ ಅವಳೇ. "ಈಗೇ ಯಾಕಪ್ಪ? ಹೆಸರು ಬರ್ಲಿ, ದಸರಾ ಸೂಟ್ಯಾಗ ಹೋಗೋಣು" ಎಂದಳು. ಅಷ್ಟೆ. ಹಣದ ಕೊರತೆಯನ್ನು ಕಾಯುವಿಕೆಯಾಗಿ ಬದಲಾಯಿಸಿದರೆ ಅದನ್ನು ಎಲ್ಲರೂ ಹೊರಬಹುದು. ಐದು ತಿಂಗಳು ಕಾಯುವ ಬೇಸರ ನಾಲ್ಕರವಳಿಗೂ ಬಂತು, ನನಗೂ ಬಂತು. ಮಗ ಎರಡು ದಿನ ಮಾತು ಬಿಟ್ಟ. ಆದರೂ ಯಾರೂ ಹೊರಗೆ ಉಳಿಯಲಿಲ್ಲ. ಬೆಂಚಿಗೂ ಒಂದು ಚೀಟಿಯಾಯಿತು: ಬೆಳಿಗ್ಗೆ ಚಿಕ್ಕವಳೊಡನೆ ನಾನು, ಊಟದ ತನಕ ಹೆಂಡತಿ, ಆಮೇಲೆ ಎಲ್ಲರೂ ಕೂಡಿ ನೀರಿನಲ್ಲಿ. ಅದರಲ್ಲಿ ಅಕ್ಕನ ಸರದಿ ಇಲ್ಲ.

ಈ ಏರ್ಪಾಟಿನಿಂದ ಜಗತ್ತಿನ ಅನ್ಯಾಯವೇನೂ ತೀರಿತೆಂದು ನಾನು ತಿಳಿದಿಲ್ಲ. ಕಾಯಲು ಸಮಯವಿಲ್ಲದ ಕೊರತೆಗಳೂ ಮನೆಗೆ ಬರುತ್ತವೆ: ಕಾಲೇಜಿನ ಶುಲ್ಕ ಬರುತ್ತದೆ, ಆಸ್ಪತ್ರೆ ಬರುತ್ತದೆ. ಅಂದೂ ಯಾರೋ ಒಬ್ಬರು ಪಾತ್ರೆ ಒರೆಸುತ್ತ, ನನಗೆ ಬೇಡ ಎಂದಾರು. ಆಗ ನನ್ನ ಮನಸ್ಸು ಹಗುರವಾದರೆ, ಆ ಹಗುರವನ್ನು ನಾನು ನಂಬಕೂಡದು. ಇಷ್ಟನ್ನು ಕಲಿತರೆ ಸಾಕು.

ಈಗ ಶ್ರಾವಣ. ಹೊಲದಲ್ಲಿ ಹೆಸರಿನ ಕಾಯಿ ಕಪ್ಪಾಗುತ್ತಿವೆ. ಬಿಡಿಸುವ ತನಕ ಮಳೆ ನಾಲ್ಕು ದಿನ ತಡೆದರೆ ದಸರೆಯ ಮಾತು ಉಳಿಯುತ್ತದೆ. ಮಗ ಪ್ರತಿ ಆದಿತ್ಯವಾರ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ನಿನ್ನೆ ಅಳೆದಾಗ 140 ದಾಟಿ ಕೂದಲೆಳೆಯಷ್ಟು ಮೇಲಿದ್ದ. ಅವನಿಗೆ ಇನ್ನು ಪೂರ್ಣ ಟಿಕೆಟ್ಟು. ನನ್ನ ಲೆಕ್ಕ ಮತ್ತೆ ಕಡಿಮೆ ಬಿತ್ತು. ಅವನು ಕುಣಿದ, ನಾನೂ ಕುಣಿಯಬೇಕಾಯಿತು. ಗೆರೆ ಎಳೆಯುವಾಗ ನೋಡಿದರೆ ಚೌಕಟ್ಟಿನ ಮೇಲೆ ಇದ್ದವೆಲ್ಲ ಅವನವೇ ಗೆರೆಗಳು, ಐದಾರು ವರ್ಷದವು. ಅವನ ಅಕ್ಕನನ್ನು ಕರೆದು ನಿಲ್ಲಿಸಿದೆ. ಅವಳ ಎತ್ತರಕ್ಕೆ ಪೆನ್ಸಿಲು ಹಿಡಿಯಲು ನಾನು ಕೈ ಎತ್ತಬೇಕಾಯಿತು.